ಕ್ಲಚ್ ಹಿಡಿದರೂ ಬಿಡದ ಬುಲೆಟ್

ಹಳೆ ಎನ್‌ಫೀಲ್ಡ್ ಬುಲೆಟ್ ಇಟ್ಟುಕೊಂಡವರ ಬಾಯಲ್ಲಿ ಪದೇ ಪದೇ ಕೇಳುವ ದೂರು ಒಂದಿದೆ. "ನ್ಯೂಟ್ರಲ್ ಬೀಳ್ತಿಲ್ಲ ಮಾರಾಯ." ಸಿಗ್ನಲ್‌ನಲ್ಲಿ ನಿಂತಿರುತ್ತಾರೆ. ಕ್ಲಚ್ ಪೂರ್ತಿ ಹಿಡಿದಿರುತ್ತಾರೆ. ಆದರೂ ಗಾಡಿ ಮುಂದಕ್ಕೆ ಜಗ್ಗುತ್ತಲೇ ಇರುತ್ತದೆ. ಕಾಲಲ್ಲಿ ಒತ್ತಿದಷ್ಟೂ ಗೇರ್ ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಹಾರುತ್ತದೆ. ನಡುವಿನ ನ್ಯೂಟ್ರಲ್ ಮಾತ್ರ ಸಿಗುವುದಿಲ್ಲ. ಸಾಕಾಗಿ ಎಂಜಿನ್ ಆಫ್ ಮಾಡುತ್ತಾರೆ. ಆಫ್ ಆದ ಕೂಡಲೇ ನ್ಯೂಟ್ರಲ್ ಸಲೀಸಾಗಿ ಬಂದು ಕೂರುತ್ತದೆ.

ಅರ್ಧ ಉತ್ತರ ಇಲ್ಲೇ ಇದೆ. ಎಂಜಿನ್ ನಿಂತಾಗ ನ್ಯೂಟ್ರಲ್ ಬರುತ್ತದೆ ಅಂದರೆ ಗೇರ್ ಬಾಕ್ಸ್ ಬಹುತೇಕ ಸರಿಯಾಗಿದೆ. ನಿಂತಾಗಲೂ ಬರದಿದ್ದರೆ ಗೇರ್ ಸೆಟಿಂಗ್ ಪ್ಲೇಟಿನ ಕಡೆ ನೋಡಬೇಕು. ಎಂಜಿನ್ ಓಡುವಾಗ ಮಾತ್ರ ತೊಂದರೆ ಇದ್ದರೆ, ಕ್ಲಚ್ ಹಿಡಿದರೂ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಇರುವ ನಂಟು ಪೂರ್ತಿ ಬಿಟ್ಟಿಲ್ಲ ಅಂತ ಅರ್ಥ. ಗ್ಯಾರೇಜಿನಲ್ಲಿ 'ಕ್ಲಚ್ ಬಿಡ್ತಿಲ್ಲ' ಅನ್ನುತ್ತಾರೆ. ಮ್ಯಾನ್ಯುಯಲ್‌ಗಳಲ್ಲಿ ಕ್ಲಚ್ ಡ್ರ್ಯಾಗ್ ಅಂತ ಇರುತ್ತದೆ. ಕ್ಲಚ್ ಸ್ಲಿಪ್ ಆಗುವುದು ಇದರ ಉಲ್ಟಾ ಕಾಯಿಲೆ. ಅಲ್ಲಿ ಹಿಡಿಯಬೇಕಾದಾಗ ಹಿಡಿಯುವುದಿಲ್ಲ, ಇಲ್ಲಿ ಬಿಡಬೇಕಾದಾಗ ಬಿಡುವುದಿಲ್ಲ. ಒಂದಕ್ಕೆ ಮದ್ದು ಮಾಡಲು ಹೋದರೆ ಇನ್ನೊಂದು ಶುರುವಾಗುವುದೂ ಉಂಟು. ಸ್ಲಿಪ್ ಆಗುತ್ತದೆ ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸಿ, ಒಂದು ಪ್ಲೇಟ್ ಹೆಚ್ಚಿಗೆ ತುರುಕಿಸಿ, ಆಮೇಲೆ ನ್ಯೂಟ್ರಲ್‌ಗಾಗಿ ಒದ್ದಾಡುವವರನ್ನು ನೋಡಿದ್ದೇನೆ.

ನನ್ನ ಹತ್ತಿರ ಇರುವುದು 1984ರ ಸ್ಟ್ಯಾಂಡರ್ಡ್ 350. ಒಂದೇ ಸಿಲಿಂಡರ್, 346 ಸಿಸಿ, ನಾಲ್ಕು ಗೇರ್. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಒಂದನೇ ಗೇರ್ ಮೇಲಕ್ಕೆ, ಮಿಕ್ಕ ಮೂರು ಕೆಳಕ್ಕೆ. ಮೂಲ ವಿನ್ಯಾಸ ಇಂಗ್ಲೆಂಡಿನ ರೆಡ್ಡಿಚ್‌ನದ್ದು, 1955ರಲ್ಲಿ ಮದ್ರಾಸಿಗೆ ಬಂದದ್ದು. ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ, ಎರಡಕ್ಕೂ ನಡುವೆ ಎಡಗಡೆ ಒಂದು ಪ್ರೈಮರಿ ಚೈನ್. ಆ ಚೈನಿನ ಹಿಂದಿನ ತುದಿಯಲ್ಲಿ, ಎಣ್ಣೆಯಲ್ಲಿ ಅರೆಬರೆ ಮುಳುಗಿಕೊಂಡು ಕ್ಲಚ್ ಕೂತಿರುತ್ತದೆ.

ಈ ಆಲ್ಬಿಯನ್ (ಇಂಗ್ಲೆಂಡಿನ ಗೇರ್ ಬಾಕ್ಸ್ ಕಂಪನಿ) ಮಾದರಿ ಗೇರ್ ಬಾಕ್ಸಿಗೆ ಇನ್ನೊಂದು ಪುಟ್ಟ ಲಿವರ್ ಇದೆ. ಹಿಮ್ಮಡಿಯಲ್ಲಿ ಒತ್ತಿದರೆ ಎರಡು, ಮೂರು, ನಾಲ್ಕು ಯಾವ ಗೇರಿನಲ್ಲಿದ್ದರೂ ಸೀದಾ ನ್ಯೂಟ್ರಲ್‌ಗೆ ಬರುತ್ತದೆ. ಬುಲೆಟ್ ಓಡಿಸುವವರಿಗೆ ಇದು ಬಲು ಪ್ರೀತಿಯ ಲಿವರ್. ನನಗೂ ಹೌದು. ಆದರೆ ಕ್ಲಚ್ ಕಾಯಿಲೆಯನ್ನು ಇದರಷ್ಟು ಚೆನ್ನಾಗಿ ಮುಚ್ಚಿಡುವ ಭಾಗ ಇನ್ನೊಂದಿಲ್ಲ. ಸಿಗ್ನಲ್ ಬರುವ ಮುಂಚೆಯೇ, ಗಾಡಿ ಇನ್ನೂ ಉರುಳುತ್ತಿರುವಾಗಲೇ, ಎರಡನೇ ಗೇರಿನಿಂದ ಹಿಮ್ಮಡಿ ಒತ್ತಿ ನ್ಯೂಟ್ರಲ್ ಮಾಡಿಕೊಂಡು ಬಿಡುತ್ತೇವೆ. ಅದು ಅಭ್ಯಾಸವೇ ಆಗಿಬಿಡುತ್ತದೆ. ಕ್ಲಚ್ ಕೆಡುತ್ತಾ ಹೋಗಿದ್ದು ತಿಳಿಯುವುದೇ ಇಲ್ಲ. ಹಳೆ ಬುಲೆಟ್ ಕೊಳ್ಳಲು ಹೋದಾಗ ಆ ಪುಟ್ಟ ಲಿವರ್ ಮುಟ್ಟದೆ, ಎಂಜಿನ್ ಬಿಸಿಯಾದ ಮೇಲೆ, ಗಾಡಿ ಪೂರ್ತಿ ನಿಂತಿರುವಾಗ, ಒಂದನೇ ಗೇರಿನಿಂದ ತುದಿಗಾಲಲ್ಲಿ ನ್ಯೂಟ್ರಲ್ ಬೀಳಿಸಿ ನೋಡಿ. ಬಣ್ಣ ಮತ್ತು ಕ್ರೋಮ್ ನೋಡುವುದಕ್ಕಿಂತ ಇದು ಮುಖ್ಯ.

ಕ್ಲಚ್ ಬಿಡುತ್ತಿಲ್ಲ ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು: ಪ್ಲೇಟ್ ಹಾಕಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ನಮ್ಮ ಶಿವಮೊಗ್ಗದವರೆಗೆ ಪ್ಲೇಟ್ ಸೆಟ್ ಎಲ್ಲಿ ಬೇಕಾದರೂ ಸಿಗುತ್ತದೆ. ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಸವೆದ ಪ್ಲೇಟ್ ಸಾಮಾನ್ಯವಾಗಿ ಸ್ಲಿಪ್ ಮಾಡುತ್ತದೆ. ಬಿಡದೇ ಇರುವುದಕ್ಕೆ ಕಾರಣ ಬೇರೆ ಕಡೆ ಇರುವುದೇ ಜಾಸ್ತಿ. ಅದು ಯಾಕೆ ಅಂತ ತಿಳಿಯಲು ಒಂದು ಸಣ್ಣ ಲೆಕ್ಕ ಮಾಡಬೇಕು.

ಪ್ರೈಮರಿ ಚೈನ್ ತಿರುಗಿಸುವ, ಬಟ್ಟಲಿನಂಥ ಕ್ಲಚ್ ಡ್ರಮ್ಮಿಗೆ ಹಲ್ಲು ಕಚ್ಚಿಕೊಂಡ ಲೈನಿಂಗ್ ಪ್ಲೇಟ್‌ಗಳು ಎಂಜಿನ್ ಜೊತೆ ತಿರುಗುತ್ತವೆ. ನಡುವಿನ ಹಬ್‌ಗೆ ಕೂತ ಸ್ಟೀಲ್ ಪ್ಲೇಟ್‌ಗಳು ಗೇರ್ ಬಾಕ್ಸ್ ಜೊತೆ. ಒಂದು ಲೈನಿಂಗ್, ಒಂದು ಸ್ಟೀಲ್, ಹೀಗೆ ಅದಲುಬದಲು. ಎಲ್ಲವನ್ನೂ ಮೂರು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತವೆ. ನಾವು ಲಿವರ್ ಎಳೆದಾಗ ಒಂದು ಉದ್ದನೆ ರಾಡು ಪ್ರೆಷರ್ ಪ್ಲೇಟನ್ನು ಹೊರಗೆ ತಳ್ಳುತ್ತದೆ. ಎಷ್ಟು ದೂರ? ಸುಮಾರು 2 ಮಿಲಿಮೀಟರ್, ಅಷ್ಟೇ. ಲೈನಿಂಗ್ ಪ್ಲೇಟ್ ನಾಲ್ಕು ಇವೆ ಅಂದುಕೊಳ್ಳಿ. ಒಂದೊಂದಕ್ಕೂ ಎರಡು ಮುಖ, ಒಟ್ಟು ಎಂಟು ಕಡೆ ಬಿಡಿಸಿಕೊಳ್ಳಬೇಕು. ಆ 2 ಮಿಲಿಮೀಟರ್ ಎಂಟು ಪಾಲಾದರೆ ಒಂದೊಂದು ಕಡೆಗೆ ಸಿಗುವುದು ಕಾಲು ಮಿಲಿಮೀಟರ್. ಅದೂ ಎಲ್ಲಾ ಪ್ಲೇಟೂ ಸಮನಾಗಿ ಸರಿದರೆ.

ಹಾಗಾಗಿ ಈ ಕಾಯಿಲೆ ಅಂದರೆ ಎಲ್ಲೋ ಅರ್ಧ ಮಿಲಿಮೀಟರ್ ಕಳೆದುಹೋಗಿದೆ ಅಂತ. ಕೈಯಿಂದ ಪ್ಲೇಟಿನವರೆಗೆ ದಾರಿ ಉದ್ದ ಇದೆ. ಲಿವರ್, ಅದರ ಪಿನ್ನು, ಕೇಬಲ್, ಗೇರ್ ಬಾಕ್ಸಿನೊಳಗಿನ ತೋಳು, ರಾಡು, ಪ್ರೆಷರ್ ಪ್ಲೇಟು. ಪ್ರತಿಯೊಂದು ಗಂಟಿನಲ್ಲೂ ಚೂರು ಚೂರು ಸೋರಿಹೋಗಬಹುದು. ಅದನ್ನು ಕೈಯ ಕಡೆಯಿಂದ ಹುಡುಕುತ್ತಾ ಒಳಗೆ ಹೋಗಬೇಕು. ಹೊರಗಿನದಕ್ಕೆ ಖರ್ಚು ಕಡಿಮೆ, ಸ್ಪ್ಯಾನರೂ ಕಡಿಮೆ. ಚೈನ್ ಕವರ್ ತೆಗೆಯುವುದು ಕೊನೆಗೆ.

ಅದಕ್ಕೂ ಮುಂಚೆ ನಿಜವಾಗಿ ಡ್ರ್ಯಾಗ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಎಣ್ಣೆಯಲ್ಲಿರುವ ಕ್ಲಚ್ ಅಂದ ಮೇಲೆ ಒಂದಿಷ್ಟು ಎಳೆತ ಇದ್ದೇ ಇರುತ್ತದೆ. ಐಡ್ಲಿಂಗ್ ಜಾಸ್ತಿ ಇಟ್ಟಿದ್ದರೆ ಒಳ್ಳೆ ಕ್ಲಚ್ಚೂ ಕೆಟ್ಟದರಂತೆ ಕಾಣುತ್ತದೆ, ಗೇರ್ 'ಕಟ್' ಅಂತ ಬೀಳುತ್ತದೆ. ಐಡ್ಲಿಂಗ್ ಇಳಿಸಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಬಿಸಿ ಮಾಡಿ, ಕ್ಲಚ್ ಹಿಡಿದು ಒಂದನೇ ಗೇರ್ ಹಾಕಿ. ಹಿಂದಿನ ಚಕ್ರ ನಿಧಾನಕ್ಕೆ ತಿರುಗುತ್ತದೆ. ಗಾಬರಿ ಬೇಡ. ಈಗ ಎಡಗಾಲಲ್ಲಿ ಬ್ರೇಕನ್ನು ಸುಮ್ನೆ ಮುಟ್ಟಿದಷ್ಟು ಒತ್ತಿ. ಚಕ್ರ ನಿಂತು, ಎಂಜಿನ್ ಸದ್ದು ಹಾಗೇ ಇದ್ದರೆ ಅದು ಬರೀ ಎಣ್ಣೆಯ ಎಳೆತ. ಚಕ್ರ ನಿಲ್ಲಿಸುವಾಗ ಎಂಜಿನ್ ಉಸಿರು ಕಟ್ಟಿ ಇಳಿದರೆ, ಅಥವಾ ಆಫ್ ಆದರೆ, ಡ್ರ್ಯಾಗ್ ಇದೆ. ಕೈಯನ್ನಾಗಲಿ ಚಿಂದಿ ಬಟ್ಟೆಯನ್ನಾಗಲಿ ಚಕ್ರದ ಹತ್ತಿರ ತರಬೇಡಿ.

ಇನ್ನೊಂದು ಪರೀಕ್ಷೆ ಎಂಜಿನ್ ಆಫ್ ಇದ್ದಾಗ ಮಾಡುವಂಥದ್ದು. ಬುಲೆಟ್‌ನ ಕಿಕ್ಕರ್ ಎಂಜಿನ್ನನ್ನು ತಿರುಗಿಸುವುದು ಕ್ಲಚ್ಚಿನ ಮೂಲಕವೇ. ಹಾಗಾಗಿ ಕ್ಲಚ್ ಹಿಡಿದು ಕಿಕ್ಕರ್ ಮೆಲ್ಲಗೆ ತುಳಿದರೆ ಅದು ಪೊಳ್ಳಾಗಿ ಕೆಳಗಿಳಿಯಬೇಕು. ಕಂಪ್ರೆಶನ್ ಎದುರಾಯಿತು ಅಂದರೆ ಪ್ಲೇಟ್‌ಗಳು ಬಿಟ್ಟಿಲ್ಲ. ಬೆಳಗ್ಗೆ ತಣ್ಣಗಿರುವಾಗ ಹೀಗಾಗುವುದು ಸಹಜ. ಎಣ್ಣೆ ಸವರಿದ ಎರಡು ಊಟದ ತಟ್ಟೆಗಳನ್ನು ಒಂದರೊಳಗೊಂದು ಇಟ್ಟು ಒತ್ತಿದರೆ ಎತ್ತುವಾಗ ಹೇಗೆ ಕಚ್ಚಿಕೊಳ್ಳುತ್ತವೆ, ರಾತ್ರಿಯೆಲ್ಲಾ ಸ್ಪ್ರಿಂಗಿನ ಒತ್ತಡದಲ್ಲಿದ್ದ ಪ್ಲೇಟ್‌ಗಳೂ ಹಾಗೇ. ಹಳಬರು ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ ಹಿಡಿದು ನಾಲ್ಕಾರು ಸಲ ಕಿಕ್ಕರ್ ತುಳಿಯುತ್ತಿದ್ದರಲ್ಲ, ಅದು ಪ್ಲೇಟ್ ಬಿಡಿಸುವ ಕ್ರಮ. ಇವತ್ತಿಗೂ ಮಾಡಬೇಕಾದದ್ದೇ. ಹಾಗೆ ಮಾಡದೆ ಒಮ್ಮೆಲೇ ಒಂದನೇ ಗೇರ್ ಹಾಕಿದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ, ಒಳಗಿನ ಗೇರ್ ಹಲ್ಲುಗಳಿಗೆ ಏಟು ಬೀಳುತ್ತದೆ. ತುಳಿದು ಬಿಡಿಸಿದ ಮೇಲೂ, ಬಿಸಿಯಾದ ಮೇಲೂ ತೊಂದರೆ ಉಳಿದರೆ ಅದನ್ನು ಕಾಯಿಲೆ ಅನ್ನಬೇಕು. ಬಿಸಿಯಾದಷ್ಟೂ ಜಾಸ್ತಿಯಾದರೆ ಸಾಮಾನ್ಯವಾಗಿ ಪ್ಲೇಟಿನ ಸರಿತ (ಅದು ಸರಿಯುವ ದೂರ) ಸಾಲುತ್ತಿಲ್ಲ, ಇಲ್ಲವೇ ಸ್ಟೀಲ್ ಪ್ಲೇಟ್ ತಿರುಚಿದೆ. ತಣ್ಣಗಿದ್ದಾಗ ಮಾತ್ರ ಇದ್ದು ಆಮೇಲೆ ಹೋಗುವುದಾದರೆ ಎಣ್ಣೆಯ ಮೇಲೆ ಸಂಶಯ ಪಡಬೇಕು.

ನನ್ನ ಗಾಡಿಯದ್ದು ಬಿಸಿಯಾದಷ್ಟೂ ಜಾಸ್ತಿಯಾಗುವ ಜಾತಿ. ಊರೊಳಗೆ ಓಡಿಸುವಾಗ ಪರವಾಗಿಲ್ಲ. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸುವ ಹೊತ್ತಿಗೆ ನ್ಯೂಟ್ರಲ್ ಮಾಯ. ಆ ಹದಿನಾಲ್ಕು ತಿರುವುಗಳಲ್ಲಿ ಕ್ಲಚ್ಚಿಗೆ ಬಿಡುವೇ ಇರುವುದಿಲ್ಲವಲ್ಲ.

ನಮ್ಮೂರಲ್ಲಿ ಬುಲೆಟ್ ಕೆಲಸಕ್ಕೆ ನಾನು ಹೋಗುವುದು ವಯಸ್ಸಾದ ಒಬ್ಬ ಮೇಸ್ತ್ರಿಯ ಹತ್ತಿರ. ಅವರು ಗಾಡಿಯ ಎಡಕ್ಕೆ ಬಂದು ಚೈನ್ ಕವರ್ ಕಡೆ ಕಣ್ಣೂ ಹಾಯಿಸಲಿಲ್ಲ. ಹ್ಯಾಂಡಲ್ ಮುಂದೆ ನಿಂತು ಕ್ಲಚ್ ಲಿವರನ್ನು ಎರಡೇ ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿದರು. ಎಳೆಯಲಿಲ್ಲ, ಅಲ್ಲಾಡಿಸಿದರು ಅಷ್ಟೇ. ಪಿನ್ನಿನ ತೂತು ಉದ್ದುದ್ದ ಸವೆದಿತ್ತು. ಲಿವರ್ ಎಳೆದ ಕೂಡಲೇ ಮೊದಲು ಆ ಸವೆತ ತುಂಬಿಕೊಂಡು ಆಮೇಲೆ ಕೇಬಲ್ ಅಲುಗುತ್ತಿತ್ತು. "ಇಲ್ಲೇ ಒಂದು ಮಿಲಿಮೀಟರ್ ಹೋಯ್ತಪ್ಪ" ಅಂದರು. ಆಮೇಲೆ ಲಿವರ್ ಎಳೆದು ನೋಡಿ, "ತುಂಬಾ ಹಗುರ ಇದೆ, ಇದು ಬುಲೆಟ್‌ದಲ್ಲ" ಅಂದರು.

ಆ ಮಾತನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಯಾರ ಕಣ್ಣಿಗೂ ಬೀಳದ ಕಾರಣ. ಲಿವರಿನ ಪಿನ್ನಿಗೂ ಕೇಬಲ್ಲಿನ ನಿಪ್ಪಲ್ ಕೂರುವ ತೂತಿಗೂ ಇರುವ ದೂರ ಎಲ್ಲಾ ಲಿವರ್‌ಗಳಲ್ಲಿ ಒಂದೇ ಇರುವುದಿಲ್ಲ. ಹಳೆ ಇಂಗ್ಲಿಷ್ ಗಾಡಿಗಳ ಲಿವರ್‌ಗಳಲ್ಲೇ ಎರಡು ಅಳತೆ ಚಾಲ್ತಿಯಲ್ಲಿದ್ದವು. ಒಂದರಲ್ಲಿ ಈ ದೂರ ಸುಮಾರು 22 ಮಿಲಿಮೀಟರ್, ಇನ್ನೊಂದರಲ್ಲಿ ಸುಮಾರು 27. ದೂರ ಕಡಿಮೆಯಾದರೆ ಕೈಗೆ ಹಗುರ, ಆದರೆ ಕೇಬಲ್ ಎಳೆಯುವುದೂ ಕಡಿಮೆ. ಉದ್ದನೆ ಅಳತೆಯದ್ದು ಕೇಬಲ್ಲನ್ನು 10 ಮಿಲಿಮೀಟರ್ ಎಳೆದರೆ ಗಿಡ್ಡದ್ದು 8 ಎಳೆಯುತ್ತದೆ. ಅದರಲ್ಲಿ 2 ಮಿಲಿಮೀಟರ್ ಪ್ಲೇಗೆ, ಅಂದರೆ ಕೇಬಲ್ಲಿನ ಖಾಲಿ ಆಟಕ್ಕೆ, ಬಿಡಲೇಬೇಕು. ಉಳಿದದ್ದು ಒಂದರಲ್ಲಿ 8, ಇನ್ನೊಂದರಲ್ಲಿ 6. ಅಂದರೆ ಪ್ಲೇಟಿನ ಸರಿತದಲ್ಲಿ ಕಾಲು ಭಾಗ ಹ್ಯಾಂಡಲ್ ಹತ್ತಿರವೇ ಖಲಾಸ್. ನನ್ನ ಗಾಡಿಗೆ ಹಿಂದೆ ಯಾರೋ ನೋಡಲು ಚೆಂದ ಅಂತ ಬೇರೆ ಗಾಡಿಯ ಲಿವರ್ ಹಾಕಿಸಿದ್ದರು. ವರ್ನಿಯರ್ ಹಿಡಿದರೆ 22ರ ಹತ್ತಿರ ಬಂತು. ಮೇಸ್ತ್ರಿಯ ಡಬ್ಬಿಯಲ್ಲಿದ್ದ ಹಳೆ ಬುಲೆಟ್ ಲಿವರ್ ಅದಕ್ಕಿಂತ ನಾಲ್ಕೈದು ಮಿಲಿಮೀಟರ್ ಜಾಸ್ತಿ. ಕ್ಲಚ್ ಬೆಣ್ಣೆ ಅಂತ ಹೊಗಳಿಸಿಕೊಳ್ಳುವ ಹಳೆ ಬುಲೆಟ್ ಸಿಕ್ಕರೆ ನಾನೀಗ ಮೊದಲು ಲಿವರನ್ನೇ ಅಳೆಯುತ್ತೇನೆ.

ಕೇಬಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಲಿವರ್ ಎಳೆಯುವಾಗ ಹೊರಗಿನ ಕವಚ ಬಳುಕಿ ಅಲುಗುತ್ತಿದ್ದರೆ ಅದು ಒಳಗೆ ಕುಗ್ಗುತ್ತಿದೆ, ಬದಲಾಯಿಸಿ. ಟ್ಯಾಂಕಿನ ಕೆಳಗೆ ಚೂಪಾಗಿ ಬಾಗಿದ್ದರೆ ದಾರಿ ಸರಿಮಾಡಿ.

ಮುಂದಿನ ಗಂಟು ಗೇರ್ ಬಾಕ್ಸಿನ ಬಲಗಡೆ ಕವರಿನಲ್ಲಿದೆ. ಎರಡು ಸ್ಕ್ರೂ ತೆಗೆದರೆ ಒಂದು ಸಣ್ಣ ಮುಚ್ಚಳ ಬರುತ್ತದೆ. ಒಳಗೆ ಕ್ಲಚ್ ತೋಳು, ಅದರಲ್ಲಿ ಒಂದು ಸ್ಕ್ರೂ, ಲಾಕ್ ನಟ್. ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ. ಕೇಬಲ್ ಅಡ್ಜಸ್ಟರ್ ಒಂದನ್ನೇ ತಿರುಗಿಸುತ್ತಾ ಹೋಗುತ್ತಾರೆ. ಆಗ ತೋಳು ಒಂದು ಕಡೆ ವಾಲಿಕೊಂಡು ಬಿಡುತ್ತದೆ. ಕೇಬಲ್ಲಿಗೂ ತೋಳಿಗೂ ನಡುವೆ ಲಂಬ ಕೋನ ಇದ್ದಾಗ ಎಳೆದದ್ದೆಲ್ಲಾ ಕೆಲಸಕ್ಕೆ ಬರುತ್ತದೆ, ವಾಲಿದಾಗ ಒಂದಿಷ್ಟು ವ್ಯರ್ಥ. ಸರಿಯಾದ ಕ್ರಮ ಇಷ್ಟು: ಕೇಬಲ್ ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿ. ಲಿವರ್ ಅರ್ಧ ಎಳೆದಾಗ ತೋಳು ಲಂಬಕ್ಕೆ ಬರುವ ಹಾಗೆ ಒಳಗಿನ ಸ್ಕ್ರೂ ಇಡಿ. ಲಾಕ್ ನಟ್ ಬಿಗಿ ಮಾಡಿ. ಆಮೇಲೆ ಲಿವರಿನ ಬುಡದಲ್ಲಿ 2-3 ಮಿಲಿಮೀಟರ್ ಪ್ಲೇ ಬರುವ ಹಾಗೆ ಕೇಬಲ್ ಬಿಗಿಮಾಡಿ. ಪ್ಲೇ ಒಂಚೂರೂ ಇಲ್ಲದ ಹಾಗೆ ಮಾಡಿದರೆ ಇನ್ನೂ ಚೆನ್ನಾಗಿ ಬಿಡುತ್ತದೆ ಅನ್ನುವವರಿದ್ದಾರೆ. ನಾಲ್ಕು ದಿನ ಬಿಡಬಹುದು. ಆಮೇಲೆ ರಾಡು ಕೆಡುತ್ತದೆ.

ಆ ರಾಡು ಗೇರ್ ಬಾಕ್ಸಿನ ಟೊಳ್ಳು ಮೇನ್ ಶಾಫ್ಟ್ ಒಳಗೆ ಹಾಯ್ದು ಬಲದಿಂದ ಎಡಕ್ಕೆ ಹೋಗುತ್ತದೆ. ಶಾಫ್ಟು ತಿರುಗುತ್ತದೆ, ತೋಳು ತಿರುಗುವುದಿಲ್ಲ. ನಡುವೆ ಎಲ್ಲೋ ಒಂದು ಕಡೆ ಉಜ್ಜಲೇಬೇಕು. ಪ್ಲೇ ಇದ್ದರೆ ಕ್ಲಚ್ ಹಿಡಿದಾಗ ಮಾತ್ರ ಉಜ್ಜುತ್ತದೆ. ಇಲ್ಲದಿದ್ದರೆ ಗಾಡಿ ಓಡುವಷ್ಟೂ ಹೊತ್ತು ಉಜ್ಜುತ್ತದೆ. ಮೇಸ್ತ್ರಿ ನನಗೆ ಬೇರೊಂದು ಗಾಡಿಯಿಂದ ತೆಗೆದ ರಾಡು ತೋರಿಸಿದರು. ತುದಿಯಿಂದ ಬೆರಳಗಲ ಕಡು ನೀಲಿ ಬಣ್ಣಕ್ಕೆ ತಿರುಗಿತ್ತು. ಕೊನೆ ಅಗಲವಾಗಿ, ಅಂಚು ಹೊರಗೆ ಮಡಚಿಕೊಂಡಿತ್ತು. ಬಿಸಿಗೆ ಉಕ್ಕಿನ ಗಡಸುತನ ಹೋಗಿ, ಮೆತ್ತಗಾಗಿ, ಗಿಡ್ಡವಾಗುತ್ತಾ ಬಂದಿದೆ. ರಾಡು ಒಂದು ಮಿಲಿಮೀಟರ್ ಗಿಡ್ಡವಾದರೆ ಪ್ಲೇಟೂ ಅಷ್ಟು ಕಡಿಮೆ ಸರಿಯುತ್ತದೆ. ಸ್ಕ್ರೂ ತಿರುಗಿಸಿ ಸರಿದೂಗಿಸಿದರೂ ಮೆತ್ತಗಾದ ತುದಿ ಮತ್ತೆ ಸವೆಯುತ್ತದೆ. ರಾಡು ಬದಲಾಯಿಸಬೇಕು, ಬೇರೆ ದಾರಿ ಇಲ್ಲ.

ಇಲ್ಲೊಂದು ಮಾತು ಮೈಸೂರಿನ ಗಾಡಿಗಳ ಬಗ್ಗೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾಗಳಲ್ಲಿ ಗೇರ್ ಪೆಡಲ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುವ ವ್ಯವಸ್ಥೆ ಇತ್ತು. ಕೈ ಲಿವರ್ ಹಿಡಿಯದೆಯೂ ಗೇರ್ ಬದಲಾಯಿಸಬಹುದಿತ್ತು. ಅಂಥ ಗಾಡಿ ಇರುವವರಿಗೆ ಡ್ರ್ಯಾಗ್ ಹುಡುಕುವುದು ನಮಗಿಂತ ಸುಲಭ. ಪೆಡಲ್ ಒತ್ತಿದಾಗ ಬಿಟ್ಟು, ಕೈಯಲ್ಲಿ ಹಿಡಿದಾಗ ಬಿಡದಿದ್ದರೆ ತಪ್ಪು ಕೇಬಲ್ ಅಥವಾ ಲಿವರಿನದ್ದು. ಎರಡರಲ್ಲೂ ಬಿಡದಿದ್ದರೆ ಒಳಗಿನದ್ದು. ಎಷ್ಟು ಜಾಣ ವಿನ್ಯಾಸ ಅಲ್ವಾ!

ನನ್ನ ಬುಲೆಟ್‌ಗೆ ಹಳೆ ಅಳತೆಯ ಲಿವರ್, ಹೊಸ ಪಿನ್ನು ಹಾಕಿ, ತೋಳು ಸರಿಮಾಡಿದ ಮೇಲೆ ಮುಕ್ಕಾಲು ಪಾಲು ತೊಂದರೆ ಹೋಯಿತು. ಕೈಗೆ ಸ್ವಲ್ಪ ಭಾರ ಆಯಿತು, ಆಗಲಿ. ಆದರೆ ಒಂದು ಉಳಿಯಿತು. ಕ್ಲಚ್ ಹಿಡಿದ ತಕ್ಷಣ ಬಿಡುವುದಿಲ್ಲ, ಒಂದು ಕ್ಷಣ ತಡೆದು ಬಿಡುತ್ತದೆ. ಮೇಸ್ತ್ರಿ ಮೊದಲು ಪ್ರೈಮರಿ ಕೇಸಿನ ಎಣ್ಣೆ ನೋಡಿದರು. ಅಲ್ಲಿ ಇರಬೇಕಾದದ್ದು 400 ಮಿಲಿಲೀಟರಿಗೆ ಚೂರು ಹೆಚ್ಚು, 20ಡಬ್ಲ್ಯೂ50 ದರ್ಜೆಯ ಎಂಜಿನ್ ಎಣ್ಣೆ ಥರದ್ದು. ಲೆವೆಲ್ ಸ್ಕ್ರೂ ತೆಗೆದಾಗ ಅಲ್ಲಿಯವರೆಗೆ ಇದ್ದರೆ ಸಾಕು. ಕೆಲವರು ಸದ್ದು ಕಡಿಮೆಯಾಗಲಿ ಅಂತ ದಪ್ಪ ಗೇರ್ ಎಣ್ಣೆ ಹಾಕಿಬಿಡುತ್ತಾರೆ, ಅದು ಪ್ಲೇಟ್‌ಗಳನ್ನು ಅಂಟಿಸಿ ಹಿಡಿಯುತ್ತದೆ. ಗೇರ್ ಬಾಕ್ಸಿಗೆ ಅತಿಯಾಗಿ ತುಂಬಿದ ಗ್ರೀಸ್ ಮತ್ತು ಎಣ್ಣೆ ರಾಡಿನ ಗುಂಟ ಹರಿದು ಕ್ಲಚ್ಚಿಗೆ ಬರುವುದೂ ಇದೆ. ನನ್ನದರಲ್ಲಿ ಎಣ್ಣೆ ಸರಿ ಇತ್ತು. ಹಾಗಾಗಿ ಕವರ್ ತೆಗೆಯಲೇಬೇಕಾಯಿತು.

ಎಡಗಡೆ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ತೆಗೆದು, ನಡುವಿನ ಒಂದೇ ದೊಡ್ಡ ನಟ್ ಬಿಚ್ಚಿದರೆ ಕವರ್ ಕೈಗೆ ಬರುತ್ತದೆ. ಕೆಳಗೆ ಟ್ರೇ ಇಟ್ಟಿರಬೇಕು. ಪ್ಲೇಟ್ ಬಿಚ್ಚುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಬಿಟ್ಟರೆ ಕವರ್ ತೆಗೆದ ಅರ್ಧ ಲಾಭ ಹೋದಂತೆ. ಒಬ್ಬರು ಕ್ಲಚ್ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಕಿಕ್ಕರನ್ನು ಕೈಯಲ್ಲಿ ನಿಧಾನವಾಗಿ ಒತ್ತಬೇಕು. ಪ್ರೆಷರ್ ಪ್ಲೇಟ್ ತಿರುಗುವಾಗ ಅದರ ಅಂಚು ನೋಡಿ. ಒಳಗೆ ಹೊರಗೆ ಓಲಾಡುತ್ತಿದ್ದರೆ ಒಂದು ಕಡೆ ಜಾಸ್ತಿ ಎದ್ದಿದೆ, ಇನ್ನೊಂದು ಕಡೆ ಎದ್ದೇ ಇಲ್ಲ. ಸ್ಪ್ರಿಂಗ್ ಮೂರರಲ್ಲಿ ಒಂದು ಸೋತಿರುತ್ತದೆ. ಬಿಎಸ್‌ಎ, ಟ್ರಯಂಫ್‌ನಂಥ ಹಳೆ ಇಂಗ್ಲಿಷ್ ಗಾಡಿಗಳಲ್ಲಿ ಸ್ಪ್ರಿಂಗಿನ ನಟ್ ಅರ್ಧ ಸುತ್ತು ಅತ್ತಿತ್ತ ಮಾಡಿ ಇದನ್ನು ಸಮ ಮಾಡಬಹುದು. ಬುಲೆಟ್‌ನಲ್ಲಿ ಆ ಅನುಕೂಲ ಇಲ್ಲ, ಸ್ಕ್ರೂ ಪೂರ್ತಿ ಬಿಗಿಯಾಗಲೇಬೇಕು. ಸ್ಪ್ರಿಂಗ್‌ಗಳನ್ನು ಅಳೆದು ಮೂರೂ ಒಂದೇ ಉದ್ದದ್ದು ಹಾಕಬೇಕು. ಜೊತೆಗೆ ಚೈನನ್ನೂ ಬೆರಳಿಂದ ಒತ್ತಿ ನೋಡಿ. ಅತಿ ಬಿಗಿ ಇರುವ ಜಾಗದಲ್ಲೂ 6 ಮಿಲಿಮೀಟರ್ ಆಟ ಇರಬೇಕು. ಚೈನ್ ಬಿಗಿಯಾದರೆ ಡ್ರಮ್ಮನ್ನೇ ಒಂದು ಕಡೆಗೆ ಎಳೆದು ವಾಲಿಸುತ್ತದೆ.

ಸ್ಟೀಲ್ ಪ್ಲೇಟ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾಜಿನ ಹಲಗೆ ಮೇಲೆ ಮಲಗಿಸಿದೆವು. ಇಲ್ಲಿ ಬುಲೆಟ್ ಗೊತ್ತಿಲ್ಲದವರು ಮೋಸ ಹೋಗುತ್ತಾರೆ. ಬುಲೆಟ್‌ನ ಸ್ಟೀಲ್ ಪ್ಲೇಟ್‌ಗಳಲ್ಲಿ ಎಲ್ಲವೂ ಚಪ್ಪಟೆ ಇರುವುದಿಲ್ಲ. ನಡುವೆ ತುಸು ತಗ್ಗು ಬರುವಂತೆ ಬೇಕಂತಲೇ ಒತ್ತಿ ಮಾಡಿದವೂ ಇವೆ. ಅವನ್ನು ತಿರುಚಿದೆ ಅಂತ ಬಿಸಾಡಬಾರದು, ತೆಗೆದ ಕ್ರಮದಲ್ಲೇ, ಅದೇ ಮುಖ ಮೇಲಾಗಿ ವಾಪಸ್ ಹಾಕಬೇಕು. ವ್ಯತ್ಯಾಸ ತಿಳಿಯುವುದು ಹೀಗೆ: ಒತ್ತಿ ಮಾಡಿದ ತಗ್ಗು ಸುತ್ತಲೂ ಒಂದೇ ಸಮ ಇರುತ್ತದೆ, ಪ್ಲೇಟ್ ಗಾಜಿನ ಮೇಲೆ ಅಲುಗದೆ ಕೂರುತ್ತದೆ. ಬಿಸಿಗೆ ತಿರುಚಿದ್ದು ಅಂಚು ಒತ್ತಿದಾಗ ಟಕಟಕ ಅಲುಗುತ್ತದೆ. ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡಿನ ಎಲೆ) ತೂರಿಸಿ ನೋಡಬೇಕು. ಒಂದೊಂದು ಮುಖಕ್ಕೆ ಸಿಗುವುದೇ ಕಾಲು ಮಿಲಿಮೀಟರ್ ಅಂದೆನಲ್ಲ, 0.2ರ ಎಲೆ ಸಲೀಸಾಗಿ ನುಗ್ಗಿದರೆ ಆ ಪ್ಲೇಟ್ ತನ್ನ ಪಾಲಿನ ಸರಿತವನ್ನು ಬಹುತೇಕ ತಾನೇ ತಿಂದಂತೆ. ನನ್ನವು ಅಲುಗಲಿಲ್ಲ. ಲೈನಿಂಗ್‌ಗಳೂ ಚೆನ್ನಾಗಿದ್ದವು.

ಸಿಕ್ಕಿದ್ದು ಡ್ರಮ್ಮಿನಲ್ಲಿ. ಲೈನಿಂಗ್ ಪ್ಲೇಟಿನ ಹಲ್ಲು ಕೂರುವ ಸೀಳುಗಳ ಅಂಚಿನಲ್ಲಿ ಪ್ಲೇಟಿಗೊಂದರಂತೆ ಕಚ್ಚು ಬಿದ್ದಿತ್ತು. ಕಣ್ಣಿಗೆ ಬರೀ ಗೆರೆ ಕಂಡಿತು, ಉಗುರು ಎಳೆದರೆ ಒಂದೊಂದರಲ್ಲೂ ತಡೆಯಿತು. ವರ್ಷಾನುಗಟ್ಟಲೆ ಪ್ರತಿ ಸಲ ಕ್ಲಚ್ ಲಿವರ್ ಬಿಟ್ಟಾಗಲೂ ಹಲ್ಲು ಬಡಿದು ಬಡಿದು ಮಾಡಿದ ಗುರುತು ಅದು. ಪ್ಲೇಟ್ ಸರಿಯಲು ಹೋದಾಗ ಹಲ್ಲು ಆ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಅದುರಿದಾಗ ಜಾರಿ ಬಿಡಿಸಿಕೊಳ್ಳುತ್ತದೆ. ಆ ಒಂದು ಕ್ಷಣದ ತಡ ಅದೇ. ಹೊಸ ಪ್ಲೇಟ್ ಹಾಕಿದ್ದರೂ ಹೋಗುತ್ತಿರಲಿಲ್ಲ. ಹೊಸ ಹಲ್ಲುಗಳೂ ಅದೇ ಹಳೆ ಕಚ್ಚುಗಳಲ್ಲಿ ಕೂರುತ್ತಿದ್ದವು.

ಮೇಸ್ತ್ರಿ ಸಣ್ಣ ಚಪ್ಪಟೆ ಅರ ತಗೊಂಡು ಸೀಳುಗಳನ್ನು ಒಂದೊಂದಾಗಿ ನೇರ ಮಾಡಿದರು. ಪ್ರತಿ ಸೀಳಿಗೂ ಎಣಿಸಿ ಅಷ್ಟೇ ಉಜ್ಜು, ಆಮೇಲೆ ಪ್ಲೇಟ್ ಇಟ್ಟು ಜಾರಿಸಿ ನೋಡುವುದು. ಒಂದು ಸೀಳು ಜಾಸ್ತಿ ಅಗಲವಾದರೆ ಅಲ್ಲಿ ಹಲ್ಲು ತಾಗುವುದೇ ಇಲ್ಲ, ಭಾರವೆಲ್ಲಾ ಉಳಿದವುಗಳ ಮೇಲೆ ಬೀಳುತ್ತದೆ. ಕೆಲಸ ನಿಧಾನ. "ಡ್ರಮ್ ಇನ್ನೊಂದು ಸಲ ಅರ ತಡೆಯಲ್ಲಪ್ಪ, ಆಮೇಲೆ ಹೊಸದೇ" ಅಂದರು.

ಈಗ ಬಿಸಿಯಾದ ಮೇಲೂ ಒಂದನೇ ಗೇರಿನಿಂದ ನ್ಯೂಟ್ರಲ್ ತುದಿಗಾಲಿಗೇ ಸಿಗುತ್ತದೆ. ಹಿಮ್ಮಡಿ ಲಿವರ್ ಮುಟ್ಟಬೇಕಾಗಿಲ್ಲ. ಹಳೇ ಸ್ಟಾಕಿನ ಒಳ್ಳೆ ಡ್ರಮ್ ಒಂದನ್ನು ಹುಡುಕುತ್ತಿದ್ದೇನೆ. ಕೊಳ್ಳುವಾಗ ಪ್ಲೇಟ್ ಸೆಟ್ಟನ್ನು ಅಂಗಡಿಗೇ ತಗೊಂಡು ಹೋಗಿ, ಪ್ರತಿ ಪ್ಲೇಟೂ ಸೀಳುಗಳಲ್ಲಿ ತನ್ನ ಭಾರಕ್ಕೇ ಜಾರಿ ಕೆಳಗಿಳಿಯುತ್ತದಾ ಅಂತ ನೋಡಿಯೇ ದುಡ್ಡು ಕೊಡುವುದು.